ಬ್ರಿಸ್ಬೇನಿನಿಂದ ಬರುತ್ತಿದ್ದ ಹನ್ನೊಂದು ಹೆಸರು

2016ರಲ್ಲಿ ಅಡಿಲೇಡಿನಲ್ಲಿ ನಮ್ಮ ಹುಡುಗಿಯರು ಫೈನಲ್ ಸೋತದ್ದು ನನ್ನಿಂದ. ಅದರಲ್ಲಿ ಎರಡು ಮಾತಿಲ್ಲ. ಆದರೆ ಪರ್ತ್‌ನ ನಮ್ಮ ಜನ ಇವತ್ತಿಗೂ ಹೇಳುವ ಕಾರಣ ತಪ್ಪು. ಗೋಲು ಹೊಡೆಯುವವಳನ್ನು ಹೊರಗೆ ಕೂರಿಸಿದ್ದಕ್ಕೆ ಸೋತೆವು ಅನ್ನುತ್ತಾರೆ. ಅದಕ್ಕಲ್ಲ. ಐದು ವಾರ ಮೊದಲು ಒಬ್ಬ ಮನುಷ್ಯನಿಗೆ ಹೇಳಬೇಕಾಗಿದ್ದ ಒಂದು ಮಾತನ್ನು ನಾನು ಪಂದ್ಯಕ್ಕೆ ಹತ್ತು ನಿಮಿಷ ಇರುವಾಗ ಹೇಳಿದೆ. ಅದಕ್ಕೆ ಸೋತೆವು.

ಆಗ ನನಗೆ ಅರವತ್ತಮೂರು. ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿ ಮಗಳು ಸುಧಾಳ ಮನೆಯಲ್ಲಿದ್ದೆ. ನನ್ನ ಹುದ್ದೆ, ಕಾಗದದ ಮೇಲೆ, ಕಾಲೇಜು ಹುಡುಗಿಯರ ಫುಟ್‌ಬಾಲ್ ತಂಡದ ಕೋಚ್. ಓದಿದ್ದು ನಾಲ್ಕನೇ ಕ್ಲಾಸು.

ಕೋಚ್ ಆಗುವಂಥದ್ದು ನನ್ನಲ್ಲಿ ಏನಿತ್ತು ಎಂದು ಕೇಳಬಹುದು. ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ ಹುಟ್ಟಿದವಳು ನಾನು. ಅಲ್ಲಿ ಮಕ್ಕಳು ನಡೆಯುವುದಕ್ಕೆ ಮೊದಲೇ ಚೆಂಡು ಒದೆಯುತ್ತಾರೆ. ಮೂರು ಜನ ಅಣ್ಣಂದಿರ ಜೊತೆ ಬರಿಗಾಲಲ್ಲಿ ನಾನೂ ಒದ್ದೆ. ಆಮೇಲೆ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅಟೆಂಡರ್ ಆದೆ. ಆಟದ ಸಾಮಾನಿನ ಕೋಣೆಯ ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು. ಚೆಂಡಿಗೆ ಗಾಳಿ ತುಂಬುವುದು, ಸುಣ್ಣದ ಪುಡಿಯಲ್ಲಿ ಗೆರೆ ಹಾಕುವುದು, ಬಟ್ಟೆ ಒಗೆಸುವುದು ನನ್ನ ಕೆಲಸ. ಪಿ.ಟಿ. ಮೇಡಂಗೆ ವಾಲಿಬಾಲ್ ಗೊತ್ತಿತ್ತು, ಫುಟ್‌ಬಾಲ್ ಗೊತ್ತಿರಲಿಲ್ಲ. “ರತ್ನಮ್ಮ, ನೀವೇ ಸ್ವಲ್ಪ ನೋಡ್ಕೊಳ್ಳಿ” ಅಂದರು. ಆ ಸ್ವಲ್ಪ ಇಪ್ಪತ್ತಾರು ವರ್ಷ ನಡೆಯಿತು. ತಂಡ ಗೆದ್ದಾಗ ಗ್ರೂಪ್ ಫೋಟೋದಲ್ಲಿ ಮೇಡಂ ನಡುವೆ ಕೂರುತ್ತಿದ್ದರು. ನಾನು ಫೋಟೋದ ಹೊರಗೆ ಹುಡುಗಿಯರ ಬ್ಯಾಗು ಕಾಯುತ್ತಿದ್ದೆ. ಇದನ್ನು ದೂರು ಎಂದು ಬರೆಯುತ್ತಿಲ್ಲ. ಮುಂದೆ ನಾನು ಮಾಡಿದ ತಪ್ಪಿಗೆ ಬೇರು ಇಲ್ಲೇ ಇದೆ, ಅದಕ್ಕೆ ಬರೆದೆ.

ಪರ್ತ್‌ನ ಒಂದು ಕಾಲೇಜಿನಲ್ಲಿ ಓದುತ್ತಿದ್ದ ನಮ್ಮ ಕಡೆಯ ಹುಡುಗಿಯರು ಸೇರಿ ಕಟ್ಟಿಕೊಂಡ ತಂಡ ಅದು. ಮೈಸೂರು, ದಾವಣಗೆರೆ, ಬೀದರ್, ಉಡುಪಿ, ಎಲ್ಲ ಕಡೆಯವರೂ ಇದ್ದರು. ವರ್ಷಕ್ಕೊಂದು ಸಲ ಪರ್ತ್, ಬ್ರಿಸ್ಬೇನ್, ಅಡಿಲೇಡಿನ ಇಂಥ ತಂಡಗಳು ಯಾವುದಾದರೂ ಒಂದು ಊರಿನಲ್ಲಿ ಸೇರಿ ಎರಡು ದಿನ ಆಡುತ್ತಿದ್ದವು. ಒಂಬತ್ತು ವರ್ಷ ಈ ತಂಡವನ್ನು ಆಡಿಸಿದವರು ಲಾರೆನ್ಸ್ ಸರ್, ಮಂಗಳೂರಿನವರು. ಒಂಬತ್ತರಲ್ಲಿ ಆರು ಸಲ ಕಪ್ ತಂದರು. ಆದರೆ ಅವರ ಹೆಸರು ದೊಡ್ಡದಾದದ್ದು ಕಪ್‌ನಿಂದಲ್ಲ. ಹೊಸದಾಗಿ ಬಂದಿಳಿದ ಹುಡುಗಿಯನ್ನು ಏರ್‌ಪೋರ್ಟಿಗೇ ಹೋಗಿ ಕರೆತರುವುದು, ರೂಮು ಹುಡುಕಿಕೊಡುವುದು, ಅವಳ ಅಪ್ಪ ಅಮ್ಮನಿಗೆ ಫೋನು ಮಾಡಿ “ಹುಡುಗಿ ಊಟ ಮಾಡಿದ್ದಾಳೆ” ಎಂದು ಹೇಳುವುದು. ಚೆಂಡಿನ ಮಾತು ಅದಾದ ಮೇಲೆ. ಅಂಥವರ ಮಾತನ್ನು ಯಾರು ಮೀರುತ್ತಾರೆ?

2016ರ ಮೊದಲಿಗೆ ಸರ್‌ಗೆ ಎದೆ ನೋವು ಬಂತು. ಸ್ಟೆಂಟ್ ಹಾಕಿದರು. ಸ್ಟೆಂಟ್ ಅಂದರೆ ಹೃದಯದ ನಾಳ ಮುಚ್ಚಿಹೋಗದ ಹಾಗೆ ಒಳಗೆ ಕೂರಿಸುವ ಸಣ್ಣ ಜಾಲರಿಯ ಕೊಳವೆ. ಮೈದಾನಕ್ಕೆ ಇಳಿಯಬಾರದು, ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಡಾಕ್ಟರ್ ಹೇಳಿದರಂತೆ. ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿ ಅವರ ಮಗಳ ಮನೆ. ಅಲ್ಲಿಗೆ ಹೋದರು.

ನನ್ನ ಅಳಿಯ ಮಂಜುನಾಥ ಆ ತಂಡದ ಮೇಲ್ವಿಚಾರಣೆಯ ಕಮಿಟಿಯಲ್ಲಿದ್ದ. ಯಾರದ್ದೋ ಮನೆಯ ಬಾರ್ಬಿಯಲ್ಲಿ, ಅಂದರೆ ಹಿತ್ತಲಲ್ಲಿ ಕೆಂಡದ ಮೇಲೆ ಸುಟ್ಟು ತಿನ್ನುವ ಊಟದಲ್ಲಿ, ಕೋಚ್ ಎಲ್ಲಿಂದ ತರೋಣ ಎಂದು ಮಾತು ಬಂದಾಗ “ನಮ್ಮತ್ತೆ ಇದಾರಲ್ಲ” ಅಂದುಬಿಟ್ಟ. ಮನೆಗೆ ಬಂದು ನನಗೆ ಹೇಳಿದ.

“ನನ್ನ ಕೇಳದೆ ಒಪ್ಕೊಂಡ್ಬಿಟ್ಯಾ?” ಅಂದೆ.

“ಮನೇಲಿ ಕೂತು ಬೇಜಾರು ಅಂತಿದ್ರಲ್ಲ ಅತ್ತೆ. ಈಗ ಬೇಡ ಅಂದ್ರೆ ನನ್ನ ಮರ್ಯಾದೆ ಏನಾಗುತ್ತೆ?”

ಬೇಡ ಎನ್ನಬಹುದಾಗಿತ್ತು. ಅನ್ನಲಿಲ್ಲ. ಕಮಿಟಿಯವರು ಕಳಿಸಿದ ಹಾಳೆಯಲ್ಲಿ ನನ್ನ ಹೆಸರಿನ ಪಕ್ಕ ಕೋಚ್ ಎಂದು ಅಚ್ಚಾಗಿತ್ತು. ಮಗಳು ಓದಿ ತೋರಿಸಿದಳು. ಆ ಒಂದು ಪದಕ್ಕೆ ನಾನು ಬಿದ್ದೆ.

ಅಭ್ಯಾಸ ನಡೆಯುತ್ತಿದ್ದದ್ದು ಸದರ್ನ್ ರಿವರ್ ಎಂಬ ಬಡಾವಣೆಯ ಒಂದು ಹುಲ್ಲಿನ ಮೈದಾನದಲ್ಲಿ, ವಾರಕ್ಕೆ ಎರಡು ಸಾಯಂಕಾಲ. ಮೊದಲನೆಯ ದಿನ ಹೋಗಿ ನಿಂತೆ. ಹದಿನಾಲ್ಕು ಹುಡುಗಿಯರು ನಮಸ್ಕಾರ ಮಾಡಿದರು. ನಾನು ಬಾಯಿ ತೆರೆಯುವ ಮೊದಲೇ ಕ್ಯಾಪ್ಟನ್ ಸಿಂಧು ಒಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ಫೋನಿಟ್ಟಳು. ಮೈಸೂರಿನ ಹುಡುಗಿ, ಮಾತು ಮೆತ್ತಗೆ, ಹಟ ಗಟ್ಟಿ. ಎಲ್ಲರೂ ಸುತ್ತ ಅರ್ಧ ಚಂದ್ರದ ಹಾಗೆ ನಿಂತರು. ಫೋನಿನಲ್ಲಿ ಲಾರೆನ್ಸ್ ಸರ್. ಬ್ರಿಸ್ಬೇನಿನಲ್ಲಿ ನಮಗಿಂತ ಎರಡು ಗಂಟೆ ಮುಂದೆ, ಅವರದು ಊಟ ಮುಗಿದಿರುತ್ತಿತ್ತು.

“ಎಂತ ಮಕ್ಕಳೇ, ಎಲ್ಲ ಬಂದಿದ್ದೀರಾ? ಅಮ್ಮ ಬಂದ್ರಾ? ನಮಸ್ಕಾರ ಅಮ್ಮ. ನೀವು ಇದ್ದೀರಿ ಅಂತ ನಂಗೆ ಧೈರ್ಯ” ಅಂದರು. ಆಮೇಲೆ ಇವತ್ತು ಯಾವ ಯಾವ ಅಭ್ಯಾಸ ಎಂದು ಹೇಳಿದರು. ಕೊನೆಗೆ ಹನ್ನೊಂದು ಹೆಸರು ಓದಿದರು. ಪರ್ತ್‌ನ ಬೇರೆ ತಂಡಗಳ ಜೊತೆ ವಾರಕ್ಕೊಂದು ಪಂದ್ಯ ಆಡುತ್ತಿದ್ದೆವು, ಆ ವಾರದ್ದಕ್ಕೆ ಇಳಿಯುವ ಹನ್ನೊಂದು ಜನ. ಓದಿ ಮುಗಿಸಿದ ಮೇಲೆ ಒಬ್ಬೊಬ್ಬಳೂ “ಯೆಸ್ ಸರ್” ಅನ್ನಬೇಕು.

ಒಂದು ದಿನದ ಮರ್ಯಾದೆ ಇರಬೇಕು ಅಂದುಕೊಂಡೆ. ಎಲ್ಲ ದಿನವೂ ಹಾಗೇ ಆಯಿತು. ನಾನು ಏನಾದರೂ ಬೇರೆ ಹೇಳಿದರೆ ಸಿಂಧು ತಲೆಯಾಡಿಸುತ್ತಿದ್ದಳು. “ಹೂಂ ಆಂಟಿ, ಒಳ್ಳೇ ಐಡಿಯಾ. ಸರ್‌ನ ಒಂದ್ಸಲ ಕೇಳಿ ಮಾಡೋಣ.” ಕೇಳುತ್ತಿದ್ದಳೋ ಇಲ್ಲವೋ, ಮಾಡಲಂತೂ ಇಲ್ಲ. ನನ್ನ ಕೆಲಸ ಮತ್ತೆ ಚೆಂಡಿಗೆ ಗಾಳಿ ತುಂಬುವುದು, ಗುರುತಿಗೆ ಇಡುವ ಪ್ಲಾಸ್ಟಿಕ್ ಕೋನ್ ಜೋಡಿಸುವುದು. ಸಿಟ್ಟು ಮಾಡಿಕೊಂಡು ಎದ್ದು ಹೋಗೋಣ ಅಂದರೆ ಆ ಊರಿನಲ್ಲಿ ಕಾರಿಲ್ಲದೆ ಸಿಟ್ಟನ್ನೂ ತೋರಿಸುವ ಹಾಗಿಲ್ಲ. ಅಳಿಯ ಬರುವವರೆಗೆ ಅಲ್ಲೇ ಕೂರಬೇಕು.

ಒಂದು ಭಾನುವಾರ ಮೊಮ್ಮಗಳು ಜೊತೆಗೆ ಬಂದಿದ್ದಳು, ಒಂಬತ್ತು ವರ್ಷದವಳು. ವಾಪಸು ಬರುವಾಗ ಕಾರಿನಲ್ಲಿ ಹೇಳಿದಳು, “ಅಜ್ಜಿ, ಯು ಆರ್ ನಾಟ್ ದ ಕೋಚ್. ದ ಫೋನ್ ಈಸ್ ದ ಕೋಚ್.” ಅವರಪ್ಪ ಅವಳನ್ನು ಗದರಿದ. “ಬೈಬೇಡ, ಸರಿಯಾಗೇ ಹೇಳಿದಾಳೆ” ಅಂದೆ.

ಆಗಸ್ಟ್ ತಿಂಗಳ ಕೊನೆಯಲ್ಲಿ ನಸ್ರೀನ್‌ಳ ಮಂಡಿ ನನ್ನ ಕಣ್ಣಿಗೆ ಬಿತ್ತು. ದಾವಣಗೆರೆಯ ಹುಡುಗಿ, ಸೆಂಟರ್ ಫಾರ್ವರ್ಡ್. ಎದುರಾಳಿಯ ಗೋಲಿನ ಮುಂದೆ ನಿಂತು ಬಂದ ಚೆಂಡನ್ನು ಒಳಗೆ ಹಾಕುವವಳು. ಸರ್ ಓದುವ ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ. ಓದುವುದು ನರ್ಸಿಂಗ್, ಉಳಿದ ಹೊತ್ತು ವೃದ್ಧಾಶ್ರಮದಲ್ಲಿ ಕೆಲಸ. ಏಳಲಾರದ ಮುದುಕರನ್ನು ಎಬ್ಬಿಸಿ, ಕೂರಿಸಿ, ಸ್ನಾನದ ಮನೆಗೆ ನಡೆಸಿಕೊಂಡು ಹೋಗಬೇಕು. ಎರಡು ಕಾಲು ನೆಟ್ಟಗಿದ್ದರೆ ಮಾತ್ರ ಆ ಕೆಲಸ, ಆ ಕೆಲಸ ಇದ್ದರೆ ಮಾತ್ರ ಓದು. ಅವಳು ಮೈದಾನದ ಮೆಟ್ಟಿಲನ್ನು ಅಡ್ಡಡ್ಡವಾಗಿ, ಒಂದೇ ಕಾಲು ಮುಂದಿಟ್ಟು ಇಳಿಯುತ್ತಿದ್ದಳು. ಕರೆದು ಕೂರಿಸಿ ಮಂಡಿಚಿಪ್ಪಿನ ಪಕ್ಕ ಒತ್ತಿ ನೋಡಿದೆ. ಒಳಗೆ ನೀರು ತುಂಬಿದ ಹಾಗೆ ಇತ್ತು. ಮಂಡಿಯೊಳಗೆ ಮೇಲಿನ ಮೂಳೆ, ಕೆಳಗಿನ ಮೂಳೆ ಹಿಡಿದಿಡುವ ಹಗ್ಗದಂಥದ್ದು ಇರುತ್ತದೆ, ಲಿಗಮೆಂಟ್ ಎನ್ನುತ್ತಾರೆ. ಅದಕ್ಕೆ ಪೆಟ್ಟಾದಾಗ ಹೀಗೇ ಊದುತ್ತದೆ. ಬೆಂಗಳೂರಿನಲ್ಲಿ ಒಬ್ಬಳ ಮಂಡಿ ನನ್ನ ಕಣ್ಣೆದುರೇ ಹೋಗಿತ್ತು. ಅವಳು ಮತ್ತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಿಲ್ಲ.

“ಎಷ್ಟು ದಿನದಿಂದ?” ಅಂದೆ.

“ಎರಡು ದಿನ ಆಂಟಿ. ಐಸ್ ಇಡ್ತಿದೀನಿ.”

“ಆಡ್ಬೇಡ. ಡಾಕ್ಟರಿಗೆ ತೋರ್ಸು.”

“ಸರ್ ನನ್ನ ಹೆಸರು ಓದಿದಾರಲ್ಲ ಆಂಟಿ.”

ಸಿಂಧುವನ್ನು ಪಕ್ಕಕ್ಕೆ ಕರೆದು ಹೇಳಿದೆ. “ನಾನು ಸರ್ ಹತ್ರ ಮಾತಾಡ್ತೀನಿ, ನೀವು ಟೆನ್ಷನ್ ಮಾಡ್ಕೋಬೇಡಿ” ಅಂದಳು. ಮುಂದಿನ ವಾರವೂ ಸರ್ ಪಟ್ಟಿ ಓದಿದರು. ಮೊದಲ ಹೆಸರು ನಸ್ರೀನ್. ಅದರ ಮುಂದಿನ ವಾರವೂ ಅದೇ. ಗೊತ್ತಿದ್ದೂ ಆಡಿಸುತ್ತಿದ್ದಾರೆ, ಕಪ್ಪಿನ ಹುಚ್ಚು ಈ ಮನುಷ್ಯನಿಗೆ ಎಂದು ಮನಸ್ಸಿನಲ್ಲೇ ಬೈದೆ. ಬಕೆಟ್ ಮೇಲಿನ ಫೋನು ಮೂರು ಅಡಿ ದೂರದಲ್ಲಿತ್ತು. ಬಗ್ಗಿ ಕೇಳಿದ್ದರೆ ಮುಗಿಯುತ್ತಿತ್ತು.

ಕೇಳಲಿಲ್ಲ. ಯಾಕೆ ಎಂದು ಬರೆಯದೆ ಇದ್ದರೆ ಈ ಲೇಖನವೇ ಸುಳ್ಳು. ಅವರ ಎದುರು ನಿಂತು ಇಲ್ಲ ಎಂದರೆ ಹುಡುಗಿಯರು ಅವರ ಕಡೆಗೇ ನಿಲ್ಲುತ್ತಿದ್ದರು. ಕಮಿಟಿ ನನ್ನನ್ನು ತೆಗೆಯುತ್ತಿತ್ತು. ಅಳಿಯನ ಮುಖ ಸಣ್ಣದಾಗುತ್ತಿತ್ತು. ಇದೆಲ್ಲ ನಿಜ, ಆದರೆ ಅರ್ಧ ನಿಜ. ಉಳಿದರ್ಧ, ಆ ಹಾಳೆಯ ಮೇಲಿನ ಪದ ನನಗೆ ಬೇಕಾಗಿತ್ತು. ಅಡಿಲೇಡಿನಲ್ಲಿ ಫೋಟೋ ತೆಗೆಯುತ್ತಾರೆ, ಕೋಚ್ ನಡುವೆ ಕೂರುತ್ತಾರೆ ಎಂದು ಸುಧಾ ಹೇಳಿದ್ದಳು. ಅದಕ್ಕೆಂದು ಒಂದು ಸೀರೆಯನ್ನೂ ತೆಗೆದಿಟ್ಟಿದ್ದೆ. ಐದು ವಾರ ನಾನು ಅವಳ ಮಂಡಿಗೆ ಬಟ್ಟೆ ಸುತ್ತಿದೆ, ಐಸ್ ಇಟ್ಟೆ, ಬಾಯಿ ಮುಚ್ಚಿಕೊಂಡಿದ್ದೆ.

ಅಕ್ಟೋಬರ್ ಮೊದಲಿಗೆ ಅಡಿಲೇಡಿಗೆ ಹೋದೆವು. ಶನಿವಾರ ಅಡಿಲೇಡಿನ ತಂಡದ ಮೇಲೆ ಎರಡು ಒಂದರಿಂದ ಗೆದ್ದೆವು. ಎರಡು ಗೋಲೂ ನಸ್ರೀನ್‌ಳವು. ಎರಡನೆಯದನ್ನು ಹೊಡೆದು ಕೆಳಗೆ ಬಿದ್ದವಳು ಏಳುವುದಕ್ಕೆ ಹೊತ್ತು ಹಿಡಿಯಿತು. ಉಳಿದವರು ಕುಣಿಯುತ್ತಿದ್ದರು, ಯಾರೂ ನೋಡಲಿಲ್ಲ. ರಾತ್ರಿ ನಾವು ಇಳಿದುಕೊಂಡಿದ್ದ ಮೋಟೆಲ್‌ನಲ್ಲಿ ಅವಳ ಕಾಲು ನೋಡಿದರೆ ಮಂಡಿ ಎಲ್ಲಿ ಶುರು, ತೊಡೆ ಎಲ್ಲಿ ಮುಗಿದಿದೆ ಗೊತ್ತಾಗುತ್ತಿರಲಿಲ್ಲ. ಸಿಂಧುವೂ ಅಲ್ಲೇ ಇದ್ದಳು. ನನಗೆ ತಡೆಯಲಾಗಲಿಲ್ಲ.

“ಎಂಥ ಮನುಷ್ಯನಮ್ಮ ನಿಮ್ ಸರ್? ಈ ಕಾಲಿಟ್ಕೊಂಡು ಆಡು ಅಂತಾರಲ್ಲ, ಮನುಷ್ಯತ್ವ ಬೇಡ್ವಾ?”

ಸಿಂಧು ನೆಲ ನೋಡಿದಳು. “ಸರ್‌ಗೆ ಗೊತ್ತಿಲ್ಲ ಆಂಟಿ.”

“ಏನು ಗೊತ್ತಿಲ್ಲ?”

“ನಾನು ಹೇಳಿಲ್ಲ. ಹಾರ್ಟ್ ಪೇಶೆಂಟ್‌ಗೆ ಹೇಗೆ ಆಂಟಿ ಇದೆಲ್ಲ ಹೇಳೋದು? ಕೆಟ್ಟ ಸುದ್ದಿ ಏನೂ ಅವರವರೆಗೆ ಹೋಗ್ಬಾರ್ದು ಅಂತ ಇವಳೊಬ್ಬಳ್ನ ಬಿಟ್ಟು ನಾವೆಲ್ಲ ಮಾತಾಡ್ಕೊಂಡಿದ್ವಿ.”

ಪ್ರತಿ ಪಂದ್ಯದ ವಿಡಿಯೋ ಸರ್‌ಗೆ ಕಳಿಸುತ್ತಿದ್ದರಂತೆ. ಅದರಲ್ಲಿ ನಸ್ರೀನ್ ಕುಂಟುವುದನ್ನೆಲ್ಲ ಕತ್ತರಿಸಿ ಕಳಿಸುತ್ತಿದ್ದರು. ಅವರು ಕಂಡದ್ದು ಓಡುವ ನಸ್ರೀನ್, ಗೋಲು ಹೊಡೆಯುವ ನಸ್ರೀನ್. ಹಾಗಾಗಿ ಅವಳ ಹೆಸರನ್ನೇ ಮೊದಲು ಓದಿದರು. ಅವರು ಓದಿದರು ಎಂದು ಇವರು ಆಡಿಸಿದರು.

ನಸ್ರೀನ್ ಹಾಸಿಗೆಯ ಮೇಲೆ ಎದ್ದು ಕೂತಿದ್ದಳು. “ಸರ್‌ಗೆ ಹೇಳಿದೀನಿ ಅಂದಿದ್ಯಲ್ಲೇ?” ಅಂದಳು.

“ನಿನಗೆ ಬೇಜಾರಾಗ್ಬಾರ್ದು ಅಂತ ಅಂದೆ.”

“ಗೊತ್ತಿದ್ದೂ ನನ್ನೇ ಆರಿಸ್ತಿದಾರೆ, ಅಷ್ಟು ನಂಬಿಕೆ ನನ್ನ ಮೇಲೆ ಅಂದ್ಕೊಂಡಿದ್ದೆ. ಹಲ್ಲು ಕಚ್ಕೊಂಡು ಆಡಿದ್ನಲ್ಲೇ.” ಅಷ್ಟು ಹೇಳಿ ಗೋಡೆ ಕಡೆ ತಿರುಗಿದಳು.

“ಫೋನು ಮಾಡು. ಈಗಲೇ ಹೇಳ್ತೀನಿ” ಎಂದೆ ನಾನು. ಸಿಂಧು ನನ್ನ ಕೈ ಹಿಡಿದುಕೊಂಡಳು. ಅವರು ಮಲಗುವ ಹೊತ್ತು, ಅಭ್ಯಾಸದ ದಿನ ಬಿಟ್ಟರೆ ರಾತ್ರಿ ಯಾರೂ ಫೋನು ಮಾಡಬೇಡಿ ಎಂದು ಅವರ ಮಗಳು ಹೇಳಿದ್ದಾರೆ, ನಾಳೆ ಫೈನಲ್ ಮುಗಿಯಲಿ, ನಾನೇ ಹೇಳುತ್ತೇನೆ ಎಂದು ಅತ್ತಳು. ನಸ್ರೀನ್ ನಾಳೆ ಆಡುವುದಿಲ್ಲ, ಅದೊಂದು ಖಂಡಿತ ಅಂದೆ. ಸಿಂಧು ಹೂಂ ಅಂದಳು. ಬೆಳಿಗ್ಗೆ ಎದ್ದ ತಕ್ಷಣವಾದರೂ ನಾನು ಫೋನು ಮಾಡಬೇಕಾಗಿತ್ತು. ಅವಳೇ ಮಾಡಲಿ ಎಂದು ಬಿಟ್ಟೆ. ಅವಳು ನನ್ನ ಮೇಲೆ ಬಿಟ್ಟಳು.

ಭಾನುವಾರ ಹನ್ನೊಂದು ಗಂಟೆಗೆ ಬ್ರಿಸ್ಬೇನ್ ತಂಡದ ಮೇಲೆ ಫೈನಲ್. ಹತ್ತು ನಿಮಿಷ ಇರುವಾಗ ಬೆಂಚಿನ ಮೇಲೆ ಫೋನು ಇಟ್ಟರು. ಹುಡುಗಿಯರು ಅರ್ಧ ಚಂದ್ರದ ಹಾಗೆ ನಿಂತರು. ಸರ್ ಮೊದಲ ಹೆಸರು ಓದಿದರು.

“ನಸ್ರೀನ್.”

ಯಾರೂ ಯೆಸ್ ಸರ್ ಅನ್ನಲಿಲ್ಲ.

“ಎಂತ, ನಸ್ರೀನ್ ಇಲ್ವಾ?”

ಸಿಂಧು ನನ್ನ ಮುಖ ನೋಡಿದಳು. ಹದಿನಾಲ್ಕು ಜನವೂ ನೋಡಿದರು. ನಾನು ಬಗ್ಗಿ ಫೋನು ಎತ್ತಿಕೊಂಡೆ. ಸ್ಪೀಕರ್ ಆರಿಸುವುದು ನನಗೆ ಬರುತ್ತಿರಲಿಲ್ಲ, ಹಾಗಾಗಿ ಎಲ್ಲರಿಗೂ ಎಲ್ಲವೂ ಕೇಳಿಸಿತು.

“ಸರ್, ನಾನು ರತ್ನಮ್ಮ. ನಸ್ರೀನ್ ಆಡಲ್ಲ. ಮಂಡಿ ಹೋಗಿದೆ.”

“ಅಯ್ಯೋ. ನಿನ್ನೆ ಬಿದ್ಲಾ?”

“ನಿನ್ನೆ ಅಲ್ಲ. ಐದು ವಾರ ಆಯ್ತು.”

“ಐದು ವಾರ ನಾನು ಅವಳ ಹೆಸರು ಓದಿದ್ದೇನಲ್ಲ?”

“ಓದಿದ್ರಿ.”

“ನನ್ನ ಮಕ್ಕಳು ನಂಗೆ ಸುಳ್ಳು ಹೇಳಿದ್ರಾ?”

“ನಿಮಗೆ ಏನಾದ್ರೂ ಆದೀತು ಅಂತ ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ನನಗೆ ಆ ಭಯ ಇರ್ಲಿಲ್ಲ, ಆದ್ರೂ ಹೇಳ್ಲಿಲ್ಲ.”

ಫೋನು ಕಟ್ ಆಯಿತು. ಅವರೇ ಇಟ್ಟರೋ, ಕೈಯಿಂದ ಜಾರಿತೋ ನಮಗೆ ಗೊತ್ತಾಗಲಿಲ್ಲ. ಸಿಂಧು ತಿರುಗಿ ಮಾಡಿದಳು, ಎತ್ತಲಿಲ್ಲ. ರೆಫರಿ ಸೀಟಿ ಊದಿದ.

ಆ ಹುಡುಗಿಯರು ಆಡಿದ್ದು ಫುಟ್‌ಬಾಲ್ ಅಲ್ಲ. ನನ್ನ ಕೈಯಲ್ಲಿದ್ದ ಫೋನು ಬೆಳಗಿತೇ ಎಂದು ನೋಡುತ್ತ ಎಂಬತ್ತು ನಿಮಿಷ ಓಡಾಡಿದರು. ನಾಲ್ಕು ಗೋಲು ಬಿತ್ತು, ನಾವು ಒಂದೂ ಹೊಡೆಯಲಿಲ್ಲ. ಅರ್ಧ ಆಟಕ್ಕೆ ಎರಡು ಗೋಲು ಆಗಿದ್ದಾಗ ನಸ್ರೀನ್ ಬೂಟು ಕಟ್ಟಿಕೊಂಡು ಎದ್ದು ನಿಂತಳು. “ಇಪ್ಪತ್ತೇ ನಿಮಿಷ ಆಂಟಿ.” ಅವಳ ಭುಜ ಹಿಡಿದು ಕೂರಿಸಿದೆ. ಕೂರಿಸುವುದಕ್ಕೆ ಬಲವೇ ಬೇಕಾಗಲಿಲ್ಲ, ಆ ಕಾಲು ತಾನೇ ಮಡಚಿಕೊಂಡಿತು. ಅದನ್ನು ಎಲ್ಲರೂ ನೋಡಿದರು. ಆದರೂ ಯಾರೋ ಹಿಂದಿನಿಂದ “ಸರ್ ಇದ್ದಿದ್ರೆ ಗೆಲ್ತಿದ್ವಿ” ಅಂದಳು.

“ಗೆಲ್ತಿದ್ರಿ. ಅವರು ಇಲ್ಲ. ಹೋಗಿ ಆಡಿ” ಅಂದೆ.

ಪಂದ್ಯ ಮುಗಿದು ಅರ್ಧ ಗಂಟೆಗೆ ಸರ್ ಮಗಳಿಂದ ಮೆಸೇಜ್ ಬಂತು. ಅಪ್ಪ ಚೆನ್ನಾಗಿದ್ದಾರೆ, ಯಾರ ಜೊತೆಯೂ ಮಾತು ಬೇಡ ಅನ್ನುತ್ತಿದ್ದಾರೆ ಎಂದು. ಹುಡುಗಿಯರು ಆಗ ಅತ್ತರು. ಫೋಟೋ ತೆಗೆದರು. ಯಾರೂ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಆ ಸಾಯಂಕಾಲ ಮೋಟೆಲ್‌ನಲ್ಲಿ ನನ್ನ ಜೊತೆ ಮಾತಾಡಿದವರು ರಿಸೆಪ್ಷನ್‌ನ ಒಬ್ಬಾಕೆ ಮಾತ್ರ, ಅದೂ ನನಗೆ ಅರ್ಥವಾಗದ ಇಂಗ್ಲಿಷಿನಲ್ಲಿ. ಪರ್ತ್‌ನಿಂದ ಅಳಿಯ ಫೋನು ಮಾಡಿ “ಅತ್ತೆ, ಒಂದು ದಿನ ತಡ್ಕೋಬಾರ್ದಿತ್ತಾ?” ಎಂದು ಕೇಳಿದ. ಎಲ್ಲರೂ ಒಂದೊಂದು ದಿನ ತಡೆದುಕೊಂಡೇ ಐದು ವಾರ ಆಯಿತಪ್ಪ ಎಂದೆ.

ಇಪ್ಪತ್ತಾರು ವರ್ಷ ಅಟೆಂಡರ್ ಆಗಿ, ಏಳು ತಿಂಗಳು ಕೋಚ್ ಆಗಿ ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ದೊಡ್ಡವರ ಜಾಗಕ್ಕೆ ಬಂದವರು ಅವರ ಹಾಗೆ ಆಗಬೇಕಿಲ್ಲ. ಅವರಿಗೆ ಯಾರೂ ಹೇಳದೇ ಇರುವುದನ್ನು ಹೇಳಬೇಕು, ಹೇಳುವುದನ್ನು ಮೊದಲನೆಯ ದಿನವೇ ಹೇಳಬೇಕು. ನನಗೆ ಅಧಿಕಾರ ಕೊಟ್ಟಿಲ್ಲ ಎಂದು ದೂರಿಕೊಂಡು ಕೂತೆ. ಒಂದು ಮಂಡಿ ಊದಿದೆ ಎಂದು ಹೇಳುವುದಕ್ಕೆ ಯಾವ ಅಧಿಕಾರ ಬೇಕಿತ್ತು?

ಮಾರನೆಯ ದಿನ ಬೆಳಿಗ್ಗೆ ಎಲ್ಲರಿಗೂ ಪರ್ತ್‌ಗೆ ವಿಮಾನ ಇತ್ತು. ನಾನು ಆರು ಗಂಟೆಗೆ ನಸ್ರೀನ್‌ಳನ್ನು ಎಬ್ಬಿಸಿದೆ. “ಬಟ್ಟೆ ಹಾಕ್ಕೊ. ಆಸ್ಪತ್ರೆಗೆ ಹೋಗ್ತಿದೀವಿ.”

“ಫ್ಲೈಟ್ ಆಂಟಿ?”

“ಹೋಗ್ಲಿ.”

ಟ್ಯಾಕ್ಸಿಯಲ್ಲಿ ಹೋದೆವು. ಮೂರು ಗಂಟೆ ಕಾದೆವು. ಡಾಕ್ಟರ್ ಹುಡುಗಿ, ನಸ್ರೀನ್‌ಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು, ಮಂಡಿಯನ್ನು ಅತ್ತ ಇತ್ತ ಆಡಿಸಿ ನೋಡಿದಳು. ಎಕ್ಸ್‌ರೇ ತೆಗೆಸಿದಳು. ಮೂಳೆಗೆ ಏನೂ ಆಗಿಲ್ಲ, ಪಕ್ಕದ ಲಿಗಮೆಂಟ್ ಹರಿದಿದೆ, ಪೂರ್ತಿ ಹರಿದಿರಲಿಕ್ಕಿಲ್ಲ, ಸ್ಕ್ಯಾನ್ ಆದ ಮೇಲೆ ಖಚಿತವಾಗಿ ಹೇಳಬಹುದು ಅಂದಳು. ತಿಂಗಳುಗಟ್ಟಲೆ ಆಟ ಇಲ್ಲ. ಭಾರ ಎತ್ತುವ ಕೆಲಸವೂ ಇಲ್ಲ, ಎಷ್ಟು ದಿನ ಎಂದು ಈಗ ಹೇಳಲಾರೆ. ಮೊದಲ ವಾರವೇ ಬಂದಿದ್ದರೆ ಇಷ್ಟಕ್ಕೆ ಬರುತ್ತಿರಲಿಲ್ಲ, ಯಾಕೆ ಬರಲಿಲ್ಲ ಎಂದು ಕೇಳಿದಳು. ನಸ್ರೀನ್ ನನಗೆ ಅದನ್ನು ಕನ್ನಡದಲ್ಲಿ ಹೇಳಿದಳು. “ನಾನು ಕರ್ಕೊಂಡು ಬರ್ಲಿಲ್ಲ ಅಂತ ಹೇಳು” ಅಂದೆ. ಹೇಳಿದಳು.

ಊರುಗೋಲು ಹಿಡಿದು ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ವೃದ್ಧಾಶ್ರಮದ ಮ್ಯಾನೇಜರಿಗೆ ಏನು ಹೇಳಲಿ ಎಂದು ಕೇಳಿದಳು. ಡಾಕ್ಟರ್ ಬರೆದ ಚೀಟಿ ಈಗಲೇ ಕಳಿಸು, ಕೂತು ಮಾಡುವ ಕೆಲಸ ಏನಾದರೂ ಇದೆಯಾ ಕೇಳು ಅಂದೆ. ಚೀಟಿಯ ಫೋಟೋ ತೆಗೆದು ಕಳಿಸಿದಳು. ಆಮೇಲೆ ನನ್ನ ಮುಖ ನೋಡದೆ ಕೇಳಿದಳು, “ಸರ್‌ಗೆ ಏನ್ ಹೇಳೋದು ಆಂಟಿ? ಸಣ್ಣ ಪೆಟ್ಟು ಅನ್ನೋಣ್ವಾ?”

“ಕೊಡಿಲ್ಲಿ ನಂಬರು” ಅಂದೆ.

ನನ್ನ ಫೋನಿನಲ್ಲಿ ಒಂದೊಂದೇ ಅಂಕಿ ಒತ್ತಿದೆ. ಎರಡನೇ ರಿಂಗಿಗೆ ಎತ್ತಿದರು. ನಾನು ರತ್ನಮ್ಮ ಅಂದೆ. “ಹೇಳಿ ಅಮ್ಮ, ಪೂರಾ ಹೇಳಿ” ಅಂದರು. ಡಾಕ್ಟರ್ ಹೇಳಿದ್ದನ್ನು ಒಂದೂ ಕಡಿಮೆ ಮಾಡದೆ ಹೇಳಿದೆ.